ಅನಂತನ ದಾರವೂ ರೆಮ್ಮವ್ವೆಯ ಕದಿರೂ: ಜಾನಪದದಲ್ಲಿ ಗಂಟಿನ ಅರ್ಥವಿಚಾರ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿಗೆ ಸೇರಿದ ಶಿರಾಲಿಯಲ್ಲಿ ಶ್ರಾವಣದ ಆರಂಭದಿಂದ ಭಾದ್ರಪದ ಶುಕ್ಲ ಚತುರ್ದಶಿಯ ವರೆಗಿನ ಕಾಲವನ್ನು ದಾರದ ಋತುವೆಂದು ಕರೆದರೆ ತಪ್ಪಾಗಲಾರದು. ಶ್ರಾವಣದ ಶುಕ್ರವಾರ ಆದಿತ್ಯವಾರಗಳಂದು ಕೊಂಕಣಿಯನ್ನಾಡುವ ಸಾರಸ್ವತರ ಮನೆಗಳಲ್ಲಿ ಮುತ್ತೈದೆಯರು ಗರಿಕೆಯನ್ನೂ ಸಣ್ಣ ಹೂಗಳನ್ನೂ ಎಲೆಗಳನ್ನೂ ಕೂಡಿಸಿ, ನೆನೆಸಿದ ಬಾಳೆಯ ನಾರಿನಿಂದ ಬಿಗಿದು ‘ಚೂಡಿ’ ಎಂಬ ಪುಟ್ಟ ಕಟ್ಟನ್ನು ಮಾಡುತ್ತಾರೆ. ತುಳಸಿಯನ್ನೂ ಹೊಸ್ತಿಲನ್ನೂ ಪೂಜಿಸಿ ಅದನ್ನು ಹಿರಿಯರಿಗೆ ಒಪ್ಪಿಸುತ್ತಾರೆ. ಶ್ರಾವಣದಲ್ಲಿಯೇ ಬರುವ ಉಪಾಕರ್ಮದಲ್ಲಿ ಗಂಡಸರು ಹಳೆಯ ಜನಿವಾರವನ್ನು ವಿಸರ್ಜಿಸಿ ಹೊಸದನ್ನು ಧರಿಸುತ್ತಾರೆ. ಅನಂತ ಚತುರ್ದಶಿಯಂದು, ವ್ರತವನ್ನು ಹಿಡಿದ ಮನೆಗಳಲ್ಲಿ, ಹದಿನಾಲ್ಕು ಗಂಟುಗಳ ದಾರವನ್ನು ಪೂಜಿಸಿ ಗಂಡನು ಬಲದೋಳಿಗೂ ಹೆಂಡತಿಯು ಎಡದೋಳಿಗೂ ಕಟ್ಟಿಕೊಳ್ಳುತ್ತಾರೆ. ನಾರು, ನೂಲು, ಬಣ್ಣದ ದಾರ ಎಂಬ ಈ ಮೂರೂ ಎರಡು ತಿಂಗಳೊಳಗೆ ಒಂದೇ ಮನೆಯ ಜಗಲಿಯ ಮೇಲೆ ಬಂದು ಹೋಗುತ್ತವೆ.

ಶಿರಾಲಿಯು ಇಂತಹ ಆಚಾರಗಳು ಒತ್ತಾಗಿ ಉಳಿದ ಊರು. ಮಹಾಗಣಪತಿ ಮಹಾಮಾಯಾ ದೇವಸ್ಥಾನವು ಅನೇಕ ಗೌಡ ಸಾರಸ್ವತ ಕುಟುಂಬಗಳ ಕುಲದೇವರ ಸ್ಥಾನ. ಚಿತ್ರಾಪುರ ಮಠದ ಗುರು ಶಂಕರಾಶ್ರಮರು ೧೭೫೭ರಲ್ಲಿ ಇಲ್ಲಿಯೇ ಸಮಾಧಿಸ್ಥರಾದ ತರುವಾಯ ಆ ಮಠದ ಕೇಂದ್ರವೂ ಇದೇ ಊರಾಯಿತು. ಮನೆಯ ಮಾತು ಕೊಂಕಣಿ, ಊರಿನ ಮಾತು ಕನ್ನಡ, ವ್ರತದ ಮಾತು ಸಂಸ್ಕೃತ. ಮೂರು ಭಾಷೆಗಳು ಹೀಗೆ ಒಂದೇ ದಾರದ ಸುತ್ತ ಕೂಡುವ ಸ್ಥಳದಲ್ಲಿ ದಾರದ ಅರ್ಥವೂ ಒಂದೇ ಎಳೆಯದಾಗಿರಲಾರದು. ಆದರೂ ಜಾನಪದವನ್ನು ಕುರಿತ ಬರಹಗಳಲ್ಲಿ ಗಂಟೆಂದರೆ ‘ಬಂಧನದ ಸಂಕೇತ’, ನೂಲುವುದೆಂದರೆ ‘ವಿಧಿಯ ಸಂಕೇತ’ ಎಂದು ಒಂದೊಂದು ಮಾತಿನಲ್ಲಿ ತೀರ್ಮಾನಿಸಿ ಮುಂದುವರಿಯುವ ರೂಢಿ ಬಲವಾಗಿದೆ. ಈ ತೀರ್ಮಾನವು ಕನ್ನಡ ನಾಡಿನ ಸಾಮಗ್ರಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದೇ ಇಲ್ಲಿನ ವಿಚಾರ.

೧

ಗಂಟಿನ ವಿಷಯದಲ್ಲಿ ಆಧಾರವಾಗಿ ಎತ್ತಿಕೊಳ್ಳಲ್ಪಡುವ ಗ್ರಂಥ ಜೇಮ್ಸ್ ಫ್ರೇಜರರ ‘ದಿ ಗೋಲ್ಡನ್ ಬೌ’. ೧೮೯೦ರಲ್ಲಿ ಮೊದಲು ಪ್ರಕಟವಾಗಿ ಅನಂತರ ಹಲವು ಸಂಪುಟಗಳಾಗಿ ಬೆಳೆದ ಆ ಗ್ರಂಥದಲ್ಲಿ ಗಂಟು ಉಂಗುರಗಳ ನಿಷೇಧವನ್ನು ಕುರಿತು ಹೇರಳವಾದ ಉದಾಹರಣೆಗಳಿವೆ. ಟ್ರಾನ್ಸಿಲ್ವೇನಿಯದ ಸ್ಯಾಕ್ಸನರಲ್ಲಿ ಪ್ರಸವವೇದನೆಯ ಹೆಂಗಸಿನ ಬಟ್ಟೆಯ ಗಂಟುಗಳನ್ನೆಲ್ಲ ಬಿಚ್ಚುತ್ತಿದ್ದರು. ರೋಮಿನ ಜ್ಯೂಪಿಟರನ ಪೂಜಾರಿಯು ಉಡುಪಿನಲ್ಲಿ ಗಂಟನ್ನು ಧರಿಸಕೂಡದಾಗಿತ್ತು. ಓವಿಡನ ಕಾವ್ಯದಲ್ಲಿ ಪ್ರಸವದ ದೇವತೆ ಬೆರಳುಗಳನ್ನು ಹೆಣೆದುಕೊಂಡು ಕುಳಿತು ಆಲ್ಕ್ಮೀನೆಯ ಹೆರಿಗೆಯನ್ನು ತಡೆಯುತ್ತಾಳೆ. ಸದೃಶವು ಸದೃಶವನ್ನುಂಟುಮಾಡುತ್ತದೆ ಎಂಬ ಅನುಕರಣ ಮಾಂತ್ರಿಕತೆಯ ನಿಯಮದಿಂದ ಇವನ್ನೆಲ್ಲ ಫ್ರೇಜರರು ವಿವರಿಸುತ್ತಾರೆ. ಗಂಟು ದಾರವನ್ನು ತಡೆಯುತ್ತದೆ; ಆದುದರಿಂದ ಅದು ಪ್ರಾಣವನ್ನೂ ಪ್ರಸವವನ್ನೂ ತಡೆಯುತ್ತದೆ.

ಈ ವಿವರಣೆ ತಪ್ಪೆಂದು ಹೇಳುವಂತಿಲ್ಲ, ಆದರೆ ಅಪೂರ್ಣ. ತಡೆಯೇ ಗಂಟಿನ ಸ್ವಭಾವವಾದರೆ, ಐಶ್ವರ್ಯವು ಬೆಳೆಯಲಿ ಎಂದು ಬೇಡುವ ಅನಂತವ್ರತದಲ್ಲಿ ಹದಿನಾಲ್ಕು ಗಂಟುಗಳೇಕೆ? ಮುತ್ತೈದೆತನವು ಮುಂದುವರಿಯಲಿ ಎಂದು ಮಾಡುವ ಚೂಡಿಯನ್ನು ನಾರಿನಿಂದ ಬಿಗಿಯುವುದೇಕೆ? ಕರಾವಳಿಯಲ್ಲಿ ಶಿರಾಲಿಯಿಂದ ತೆಂಕಣಕ್ಕೆ ಉಡುಪಿ ಸೀಮೆಯಲ್ಲಿ ನಡೆಯುವ ನಾಗಮಂಡಲದಲ್ಲಿ ಹೆಣೆದುಕೊಂಡ ಸರ್ಪದ ಸುರುಳಿಗಳನ್ನು ಬಣ್ಣದ ಪುಡಿಯಲ್ಲಿ ಬರೆಯುತ್ತಾರಷ್ಟೆ. ಅದರ ಒಂದೊಂದು ಗಂಟಿಗೂ ‘ಪವಿತ್ರ’ವೆಂದೇ ಹೆಸರು. ಹದಿನಾರು ಪವಿತ್ರಗಳಾದರೆ ಪೂರ್ಣ ಮಂಡಲ, ಎಂಟಾದರೆ ಅರ್ಧ, ನಾಲ್ಕಾದರೆ ಕಾಲು. ಗಂಟು ಹೆಚ್ಚಿದಷ್ಟೂ ಮಂಡಲವು ಪೂರ್ಣವಾಗುತ್ತದೆಯೇ ಹೊರತು ಬಂಧನವು ಬಿಗಿಯಾಗುವುದಿಲ್ಲ. ದರ್ಭೆಯನ್ನು ಗಂಟಿಕ್ಕಿ ಬೆರಳಿಗೆ ಧರಿಸುವ ಉಂಗುರಕ್ಕೂ ಇದೇ ಹೆಸರು. ಕನ್ನಡದ ನುಡಿಯೂ ಇದಕ್ಕೆ ಸಾಕ್ಷಿ. ಕೂಡಿಟ್ಟ ಹಣವೂ ‘ಗಂಟು’. ಬಿಡಿಸಲಾಗದ ತೊಡಕು ‘ಕಗ್ಗಂಟು’. ದೇವರಿಗೆ ಕಟ್ಟಿ ತೆಗೆದಿಟ್ಟದ್ದು ‘ಮುಡಿಪು’. ದೃಢಸಂಕಲ್ಪ ಮಾಡಿದವನು ‘ಕಂಕಣ ಕಟ್ಟಿದವನು’. ಒಂದೇ ಕ್ರಿಯೆ ಒಂದು ಕಡೆ ಸಂಪತ್ತು, ಇನ್ನೊಂದು ಕಡೆ ಸಂಕಟ, ಮತ್ತೊಂದು ಕಡೆ ಪ್ರತಿಜ್ಞೆ. ಗಂಟಿನ ಆಕಾರವೊಂದನ್ನೇ ನೋಡಿ ಅರ್ಥವನ್ನು ನಿಶ್ಚಯಿಸಹೊರಟರೆ ಈ ಭೇದವು ಕಾಣುವುದಿಲ್ಲ.

೨

ಈ ಭೇದವನ್ನು ಅನಂತವ್ರತದ ಕಥೆಯು ತಾನೇ ಎತ್ತಿ ಚರ್ಚಿಸುತ್ತದೆ ಎಂಬುದನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ವನವಾಸದಲ್ಲಿದ್ದ ಯುಧಿಷ್ಠಿರನಿಗೆ ಕೃಷ್ಣನು ಹೇಳಿದುದೆಂದು ಭವಿಷ್ಯೋತ್ತರ ಪುರಾಣದ ಹೆಸರಿನಲ್ಲಿ ಓದಲ್ಪಡುವ ಈ ಕಥೆಯ ಸಾರ ಹೀಗಿದೆ. ಸುಮಂತುವಿನ ಮಗಳು ಸುಶೀಲೆಯನ್ನು ಕೌಂಡಿನ್ಯನು ಮದುವೆಯಾಗಿ ಕರೆದೊಯ್ಯುತ್ತಾನೆ. ದಾರಿಯಲ್ಲಿ ನದೀತೀರದಲ್ಲಿ ಹೆಂಗಸರು ಅನಂತನನ್ನು ಪೂಜಿಸುತ್ತಿರುವುದನ್ನು ಕಂಡು ಸುಶೀಲೆಯು ಅವರಿಂದ ವ್ರತವನ್ನು ಕೇಳಿ ಕಲಿತು, ಹದಿನಾಲ್ಕು ಗಂಟುಗಳ ದಾರವನ್ನು ತೋಳಿಗೆ ಕಟ್ಟಿಕೊಳ್ಳುತ್ತಾಳೆ. ಮನೆಗೆ ಸಂಪತ್ತು ಬರುತ್ತದೆ. ಒಂದು ದಿನ ಕೌಂಡಿನ್ಯನು ಆ ದಾರವನ್ನು ಕಂಡು, ತನ್ನನ್ನು ವಶಮಾಡಿಕೊಳ್ಳಲು ಕಟ್ಟಿದ್ದೇ ಎಂದು ಕೇಳುತ್ತಾನೆ. ಅವಳ ಉತ್ತರವನ್ನು ನಂಬದೆ ಅದನ್ನು ಕಿತ್ತು ಬೆಂಕಿಗೆ ಹಾಕುತ್ತಾನೆ. ಸುಶೀಲೆಯು ಅದನ್ನು ತೆಗೆದು ಹಾಲಿನಲ್ಲಿರಿಸುತ್ತಾಳೆ. ಸಂಪತ್ತೆಲ್ಲ ನಾಶವಾಗುತ್ತದೆ. ಕೌಂಡಿನ್ಯನು ಅನಂತನನ್ನು ಹುಡುಕುತ್ತ ಹೊರಡುತ್ತಾನೆ.

ಗಂಡನ ಪ್ರಶ್ನೆಯೇ ಇಲ್ಲಿ ಕಥೆಯ ಕೀಲು. ಅವನ ಅನುಮಾನ ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಅವನು ವಾಸಿಸುವ ಕಥಾಲೋಕದಲ್ಲಿ ಅಂತಹ ದಾರಗಳು ಇದ್ದೇ ಇವೆ. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ, ಮಂತ್ರಿಸಿದ ಸೂತ್ರವನ್ನು ಕೊರಳಿಗೆ ಕಟ್ಟಿ ಒಬ್ಬನನ್ನು ಎತ್ತಾಗಿಯೂ ಇನ್ನೊಬ್ಬನನ್ನು ಕಪಿಯಾಗಿಯೂ ಮಾಡುವ ಸ್ತ್ರೀಯರ ಪ್ರಸಂಗಗಳು ಬರುತ್ತವೆ. ಎತ್ತಾದವನ ಕೊರಳಿನ ಸೂತ್ರವನ್ನು ಬಿಚ್ಚಿ ಮತ್ತೆ ಮನುಷ್ಯನನ್ನಾಗಿ ಮಾಡುವ ಯೋಗಿನಿಗೆ ಬಂಧಮೋಚನಿಕೆ ಎಂದೇ ಹೆಸರು. ಅಂತಹ ಕಥೆಗಳನ್ನು ಕೇಳಿ ಬೆಳೆದ ಗಂಡನಿಗೆ ಹೆಂಡತಿಯ ತೋಳಿನ ಕೆಂಪು ದಾರ ಭಯವನ್ನು ಹುಟ್ಟಿಸಿದರೆ ಆಶ್ಚರ್ಯವಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಕೌಂಡಿನ್ಯನು ನೋಡಲಿಲ್ಲ. ಎತ್ತಾದವನ ದಾರ ಎತ್ತಾದವನ ಕೊರಳಿನಲ್ಲಿತ್ತು; ಸುಶೀಲೆಯ ದಾರ ಸುಶೀಲೆಯ ತೋಳಿನಲ್ಲಿತ್ತು. ಪರರ ಮೈಗೆ ಕಟ್ಟಿದ ಗಂಟು ಮಾಟ, ತನ್ನ ಮೈಗೆ ಕಟ್ಟಿಕೊಂಡ ಗಂಟು ವ್ರತ. ಮಾಂತ್ರಿಕತೆಗೂ ಭಕ್ತಿಗೂ ನಡುವಣ ಗೆರೆಯನ್ನು ಕಥೆಯು ಮಂತ್ರದಲ್ಲಿ ಎಳೆಯಲಿಲ್ಲ, ದೇವತೆಯಲ್ಲಿ ಎಳೆಯಲಿಲ್ಲ. ಕಟ್ಟಿದ ಕೈಗೂ ಕಟ್ಟಿಸಿಕೊಂಡ ಮೈಗೂ ಇರುವ ಸಂಬಂಧದಲ್ಲಿ ಎಳೆಯಿತು.

ಆದಕಾರಣ ಯಾವ ಗಂಟನ್ನು ಕಂಡರೂ ಕೇಳಬೇಕಾದ ಪ್ರಶ್ನೆಗಳು ಮೂರು: ಕಟ್ಟಿದವರು ಯಾರು? ಯಾರ ಮೈಗೆ ಕಟ್ಟಿತು? ಬಿಚ್ಚುವ ಅಧಿಕಾರ ಯಾರಿಗಿದೆ? ಅನಂತನ ದಾರವನ್ನು ವ್ರತಿಯು ತಾನೇ ಧರಿಸುತ್ತಾನೆ, ವರ್ಷ ತುಂಬಿದ ಮೇಲೆ ಹಳೆಯದನ್ನು ತೆಗೆದು ಹೊಸದನ್ನು ಕಟ್ಟಿಕೊಳ್ಳುತ್ತಾನೆ, ಹದಿನಾಲ್ಕು ವರ್ಷಗಳಾದ ಮೇಲೆ ಉದ್ಯಾಪನೆ ಮಾಡಿ ಮುಗಿಸುತ್ತಾನೆ. ಮದುವೆಯ ಕಂಕಣಕ್ಕೂ ಕಟ್ಟುವ ಮುಹೂರ್ತವಿದ್ದಂತೆ ವಿಸರ್ಜನೆಯ ಮುಹೂರ್ತವುಂಟು. ಮಾಟದ ದಾರಕ್ಕೆ ಮಾತ್ರ ಮುಹೂರ್ತವಿಲ್ಲ. ಅದನ್ನು ಧರಿಸಿದವನು ತಾನಾಗಿ ಬಿಚ್ಚಿಕೊಳ್ಳಲಾರನು, ಬಂಧಮೋಚನಿಕೆಯೇ ಬರಬೇಕು.

ಇದೇ ಮೂರು ಪ್ರಶ್ನೆಗಳನ್ನು ಇನ್ನೊಂದು ಗಂಟಿಗೂ ಹಾಕದಿದ್ದರೆ ವಿಮರ್ಶೆ ಪಕ್ಷಪಾತವಾದೀತು. ತಾಳಿಯ ಮೂರು ಗಂಟುಗಳನ್ನು ಕಟ್ಟುವವನು ಗಂಡ; ಅವು ಬೀಳುವುದು ಹೆಂಡತಿಯ ಕೊರಳಿಗೆ; ಬಿಚ್ಚುವ ಅಧಿಕಾರ ಅವಳಿಗಿಲ್ಲವೆಂದೇ ರೂಢಿ. ದಾರವನ್ನು ಕಂಡು ‘ನನ್ನನ್ನು ವಶಮಾಡಿಕೊಳ್ಳಲೋ?’ ಎಂದು ಕೇಳುವ ಗಂಡಂದಿರ ಲೋಕದಲ್ಲಿ ಪರರ ಕೊರಳಿಗೆ ದಾರ ಕಟ್ಟುವವರು ಗಂಡಂದಿರೇ. ಕಥೆಯನ್ನು ಹೇಳಿದ ಪೌರಾಣಿಕನು ಈ ವ್ಯಂಗ್ಯವನ್ನು ಉದ್ದೇಶಿಸಿದ್ದನೆಂದು ಹೇಳಲಾಗದು. ಆದರೆ ವರ್ಷವರ್ಷವೂ ವ್ರತದ ದಿನ ಕಥೆಯನ್ನು ಕೇಳುತ್ತ ಕುಳಿತವರಲ್ಲಿ ಎರಡು ದಾರಗಳನ್ನೂ ಮೈಮೇಲೆ ಧರಿಸಿದವರು ಹೆಂಗಸರು. ಕೇಳುವವರ ಮೈಯಲ್ಲಿ ಒಂದು ಕಥೆಗೆ ಯಾವ ಅರ್ಥ ಹುಟ್ಟುತ್ತದೆ ಎಂಬುದನ್ನು ಬಿಟ್ಟು ಜಾನಪದದ ಅರ್ಥವಿಚಾರವು ನಡೆಯಲಾರದು.

೩

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು: ಇದು ಪುರಾಣದ ಕಥೆ, ಇದನ್ನು ಜಾನಪದವೆಂದು ಕರೆಯುವುದು ಹೇಗೆ? ಕಥೆಯ ಉತ್ತರಾರ್ಧವೇ ಇದಕ್ಕೆ ಸಮಾಧಾನ. ಕೌಂಡಿನ್ಯನು ಅಡವಿಯಲ್ಲಿ ಮಾವಿನ ಮರವನ್ನೂ ಹಸುವನ್ನೂ ಗೂಳಿಯನ್ನೂ ಎರಡು ಕೊಳಗಳನ್ನೂ ಕತ್ತೆಯನ್ನೂ ಆನೆಯನ್ನೂ ಕಂಡು ‘ಅನಂತನನ್ನು ನೋಡಿದೆಯಾ’ ಎಂದು ಕೇಳುತ್ತ ಹೋಗುತ್ತಾನೆ. ಕೊನೆಗೆ ಅನಂತನು ಮುದಿಬ್ರಾಹ್ಮಣನಾಗಿ ಬಂದು ದರ್ಶನವಿತ್ತು ಒಂದೊಂದರ ಗುಟ್ಟನ್ನೂ ತಿಳಿಸುತ್ತಾನೆ. ದೇವರನ್ನೋ ಅದೃಷ್ಟವನ್ನೋ ಹುಡುಕಿ ಹೊರಟವನು ದಾರಿಯಲ್ಲಿ ಮರ ಪ್ರಾಣಿ ನೀರುಗಳನ್ನು ಸಂಧಿಸಿ ಅವುಗಳ ಪ್ರಶ್ನೆಗೆ ಉತ್ತರ ತರುವ ಕಥೆ ಅನೇಕ ದೇಶಗಳ ಹಳ್ಳಿಗಳಲ್ಲಿ ಹಬ್ಬಿದೆ. ಆರ್ನೆ ಮತ್ತು ಥಾಂಪ್ಸನರ ಕಥಾವರ್ಗೀಕರಣದಲ್ಲಿ ಇದಕ್ಕೆ ೪೬೦, ೪೬೧ ಎಂಬ ಸಂಖ್ಯೆಗಳೂ ಇವೆ. ಹಳ್ಳಿಯ ಕಥೆಯೊಂದು ವ್ರತದ ಚೌಕಟ್ಟಿಗೆ ಬಂದು ಸೇರಿದೆ ಎಂದು ಊಹಿಸಲು ಬೇಕಾದಷ್ಟು ಆಧಾರ ಇಷ್ಟರಲ್ಲಿಯೇ ಇದೆ.

ಆ ಗುಟ್ಟುಗಳನ್ನು ಗಂಟಿನ ದೃಷ್ಟಿಯಿಂದ ನೋಡಿದರೆ ಕಥೆಯ ಎರಡು ಅರ್ಧಗಳೂ ಒಂದಾಗುತ್ತವೆ. ಪಾಠಗಳಲ್ಲಿ ವಿವರಭೇದವಿದ್ದರೂ ಮುಖ್ಯಾಂಶ ಹೀಗಿದೆ: ಹಣ್ಣು ತುಂಬಿದ್ದರೂ ಹಕ್ಕಿ ಸುಳಿಯದ ಮಾವು, ಶಿಷ್ಯರಿಗೆ ವಿದ್ಯೆಯನ್ನು ಕೊಡದ ಪಂಡಿತ, ಒಂದರ ನೀರು ಮತ್ತೊಂದಕ್ಕೆ ಮಾತ್ರ ಹರಿಯುವ ಕೊಳಗಳು, ತಮ್ಮತಮ್ಮೊಳಗೇ ದಾನ ಮಾಡಿಕೊಂಡು ಅತಿಥಿಗೆ ಏನನ್ನೂ ಕೊಡದ ಅಕ್ಕತಂಗಿಯರು, ಹಸು, ಬಿತ್ತಿದ ಬೀಜವನ್ನು ತಾನೇ ನುಂಗಿದ ಭೂಮಿ. ಇವೆಲ್ಲ ತಡೆಹಿಡಿದ ವಸ್ತುಗಳು, ಅಂದರೆ ಬಿಚ್ಚದ ಗಂಟುಗಳು. ಕತ್ತೆಯು ಕ್ರೋಧ, ಆನೆಯು ಮದ. ಸುಶೀಲೆಯ ತೋಳಿನ ದಾರವನ್ನು ಕಿತ್ತವು ಈ ಎರಡೇ. ಕೌಂಡಿನ್ಯನು ಮನೆಯಲ್ಲಿ ಕಿತ್ತದ್ದು ಬಂಧನವಲ್ಲದ ಗಂಟನ್ನು. ಅಡವಿಯಲ್ಲಿ ಕಂಡದ್ದು ಗಂಟಿಲ್ಲದೆಯೇ ಬಂಧನವಾದುದನ್ನು. ಫ್ರೇಜರರ ನಿಯಮವು ಕಾಣದೆ ಬಿಟ್ಟ ಅಂಶವನ್ನು ಕಥೆಯು ಹೀಗೆ ತಾನೇ ಬಿಡಿಸಿ ತೋರಿಸುತ್ತದೆ.

ಚೂಡಿಯದು ಮತ್ತೂ ಬೇರೆಯ ಬಗೆ. ಅದನ್ನು ಕಟ್ಟಿದವಳು ತನ್ನ ಮೈಗೂ ಬಿಗಿದುಕೊಳ್ಳುವುದಿಲ್ಲ, ಪರರನ್ನೂ ಬಿಗಿಯುವುದಿಲ್ಲ. ದೇವರಿಗಿಟ್ಟು ಹಿರಿಯರ ಕೈಗೆ ಕೊಟ್ಟು ನಮಸ್ಕರಿಸುತ್ತಾಳೆ. ದೂರದ ಊರಿನಲ್ಲಿರುವ ಅತ್ತೆ ತಾಯಿಯರಿಗೆ ಅದನ್ನು ಅಂಚೆಯಲ್ಲಿ ಕಳುಹಿಸುವ ವಾಡಿಕೆಯೂ ಉಂಟು. ಮುಟ್ಟುವ ಹೊತ್ತಿಗೆ ಹೂ ಬಾಡಿರುತ್ತದೆ. ಆದರೆ ಕಟ್ಟು ಬಿಚ್ಚಿರುವುದಿಲ್ಲ. ಇದು ಬಂಧಿಸುವ ಗಂಟಲ್ಲ, ಸಂಬಂಧಿಸುವ ಗಂಟು. ಕನ್ನಡದಲ್ಲಿ ‘ನಂಟು’ ಮತ್ತು ‘ಗಂಟು’ ಎಂಬ ಮಾತುಗಳು ಜೋಡಿಯಾಗಿ ನಡೆಯುವುದು ಬರಿಯ ಪ್ರಾಸಕ್ಕಾಗಿ ಅಲ್ಲವೆಂಬುದಕ್ಕೆ ಇದಕ್ಕಿಂತ ಸುಂದರವಾದ ನಿದರ್ಶನ ಸಿಕ್ಕುವುದು ಕಷ್ಟ.

೪

ಗಂಟಿನಿಂದ ಎಳೆಗೆ ಬರುವುದಾದರೆ, ನೂಲುವ ಸ್ತ್ರೀಯರನ್ನು ವಿಧಿದೇವತೆಗಳೆಂದು ತಿಳಿಯುವ ವಾಡಿಕೆಗೆ ಮೂಲ ಗ್ರೀಕರ ಕಥೆ. ಕ್ಲೋಥೋ ನೂಲುತ್ತಾಳೆ, ಲ್ಯಾಕೆಸಿಸ್ ಅಳೆಯುತ್ತಾಳೆ, ಆಟ್ರೊಪಾಸ್ ಕತ್ತರಿಸುತ್ತಾಳೆ. ಭಾರತೀಯ ಸಾಹಿತ್ಯದಲ್ಲಿಯೂ ಇದಕ್ಕೆ ಸಮೀಪದ ಚಿತ್ರಗಳಿವೆ. ಮಹಾಭಾರತದ ಆದಿಪರ್ವದಲ್ಲಿ ಉತ್ತಂಕನು ನಾಗಲೋಕದಲ್ಲಿ ಬಿಳಿ ಕರಿ ನೂಲುಗಳಿಂದ ಬಟ್ಟೆ ನೇಯುವ ಇಬ್ಬರು ಸ್ತ್ರೀಯರನ್ನು ಕಾಣುತ್ತಾನೆ; ಅವರು ಧಾತೃವಿಧಾತೃಗಳೆಂದೂ ನೂಲುಗಳು ಹಗಲಿರುಳುಗಳೆಂದೂ ಬಳಿಕ ತಿಳಿಯುತ್ತದೆ. ಅಥರ್ವವೇದದ ಹತ್ತನೆಯ ಕಾಂಡದಲ್ಲಿಯೂ ಆರು ಗೂಟಗಳ ಮಗ್ಗದಲ್ಲಿ ನೇಯುವ ಇಬ್ಬರು ತರುಣಿಯರು ಬರುತ್ತಾರೆ. ಅವರು ಎಳೆಯನ್ನು ಹರಿಯುವುದೂ ಇಲ್ಲ, ಕೊನೆಯನ್ನು ಮುಟ್ಟುವುದೂ ಇಲ್ಲ ಎಂಬುದು ಅಲ್ಲಿನ ಭಾವ. ಗ್ರೀಕರ ಮೂವರಲ್ಲಿ ಕತ್ತರಿಸುವವಳು ಒಬ್ಬಳಿದ್ದಾಳೆ. ಈ ಎರಡು ಚಿತ್ರಗಳಲ್ಲಿ ಇಲ್ಲ. ಕೊನೆಯಿಲ್ಲದ ಆ ಎಳೆಯನ್ನು ಅನಂತವೆಂದಲ್ಲದೆ ಏನೆಂದು ಕರೆಯಬೇಕು? ಹದಿನಾಲ್ಕು ಗಂಟುಗಳ ದಾರಕ್ಕೆ ಅನಂತನೆಂಬ ಹೆಸರು ಬಂದಿರುವುದೂ, ಆ ಅನಂತನು ಶೇಷಸರ್ಪವೇ ಆಗಿರುವುದೂ ಇದೇ ಕಲ್ಪನೆಯ ಸಂತಾನ. ಸಂತಾನವೆಂಬ ಶಬ್ದವೂ ತಂತುವೆಂಬ ಶಬ್ದವೂ ಹಿಗ್ಗಿಸು, ಎಳೆ ಎಂಬ ಅರ್ಥದ ಒಂದೇ ಧಾತುವಿನಿಂದ ಬಂದವುಗಳೆಂಬುದು ವಿದ್ವಾಂಸರಿಗೆ ವಿದಿತವೇ. ಗ್ರಂಥಿಯಿಂದ ಗ್ರಂಥಕ್ಕೂ, ಸೂತ್ರದಿಂದ ಶಾಸ್ತ್ರಕ್ಕೂ ಇರುವ ದಾರಿಯೂ ಅಷ್ಟೇ ಹತ್ತಿರದ್ದು. ಓಲೆಗಳನ್ನು ದಾರದಲ್ಲಿ ಪೋಣಿಸಿ ಗಂಟಿಕ್ಕಿದ ಕಟ್ಟೇ ನಾಡಿನಲ್ಲಿ ಪುಸ್ತಕವಾಗಿತ್ತಷ್ಟೆ.

ಜನಿವಾರವು ಈ ಎಳೆಯ ಗಣಿತರೂಪ. ನಾಲ್ಕು ಬೆರಳುಗಳಿಗೆ ತೊಂಬತ್ತಾರು ಸುತ್ತು ಸುತ್ತಿ ಅಳೆದ ನೂಲನ್ನು ಮಡಿಸಿ ಹುರಿಮಾಡಿ ಒಂಬತ್ತು ತಂತುಗಳಾಗಿಸಿ, ಒಂದೊಂದಕ್ಕೂ ಒಬ್ಬ ದೇವತೆಯನ್ನು ಆವಾಹಿಸಿ, ಕೊನೆಗೆ ಬ್ರಹ್ಮಗ್ರಂಥಿಯಿಂದ ಮುಗಿಸುತ್ತಾರೆ. ಲೆಕ್ಕವೂ ಮಂತ್ರವೂ ಶಾಸ್ತ್ರದಲ್ಲಿ ದಾಖಲಾಗಿವೆ. ಬಾಳೆಯ ನಾರಿನ ಚೂಡಿಗೆ ಅಂತಹ ಲೆಕ್ಕವಿಲ್ಲ. ತಾಯಿಯ ಬೆರಳನ್ನು ನೋಡಿ ಮಗಳು ಕಲಿತದ್ದೇ ಅದರ ಶಾಸ್ತ್ರ. ಒಂದೇ ತಿಂಗಳಲ್ಲಿ ಒಂದೇ ಮನೆಯಲ್ಲಿ ಧರಿಸುವ, ಕಟ್ಟುವ ಈ ಎರಡು ಎಳೆಗಳಲ್ಲಿ ಒಂದಕ್ಕೆ ಭಾಷ್ಯಗಳುಂಟು, ಇನ್ನೊಂದಕ್ಕೆ ಟಿಪ್ಪಣಿಯೂ ದುರ್ಲಭ. ವಿದ್ವತ್ತು ಎತ್ತ ವಾಲಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

೫

ಈ ವಾಲುವಿಕೆಯ ಪರಿಣಾಮವು ಸಾಹಿತ್ಯದ ಪಾಠದಲ್ಲಿ ಸ್ಪಷ್ಟವಾಗಿ ಕಾಣುವುದು ಶರಣೆ ಕದಿರೆ ರೆಮ್ಮವ್ವೆಯ ವಚನದಲ್ಲಿ. ಹನ್ನೆರಡನೆಯ ಶತಮಾನದವಳೆಂದು ತಿಳಿಯಲಾದ ಈಕೆಯ ಕಾಯಕ ನೂಲುವುದು. ಹೆಸರಿನಲ್ಲಿಯೇ ಕದಿರು ಇದೆ. ತಾನು ತಿರುಗಿಸುವ ರಾಟೆಯ ಕುಲಜಾತಿಯನ್ನು ಕೇಳಿರೆಂದು ಆಕೆ ಆರಂಭಿಸುತ್ತಾಳೆ; ಅಡಿಯ ಹಲಗೆ ಮೊದಲಾದ ಭಾಗಗಳನ್ನು ಬ್ರಹ್ಮ ವಿಷ್ಣು ರುದ್ರರೆಂದು ಹೆಸರಿಸುತ್ತಾಳೆ; ಕದಿರನ್ನು ಅರಿವೆಂದೂ ತಿರುಹುವ ಕೈಯನ್ನು ಭಕ್ತಿಯೆಂದೂ ಹೇಳುತ್ತಾಳೆ. ಕದಿರು ತುಂಬುತ್ತದೆ. ಆಮೇಲೆ ಒಮ್ಮೆಲೇ ಧಾಟಿ ಬದಲಾಗಿ, ಇನ್ನು ತಿರುಗಿಸಲಾರೆ, ಗಂಡನು ಹೊಡೆದಾನು ಎಂಬ ಅರ್ಥದ ಮಾತು ಬರುತ್ತದೆ. ತರಗತಿಗಳಲ್ಲಿ ಈ ವಚನವನ್ನು ಸಾಂಗರೂಪಕವೆಂದು ಹೆಸರಿಸಿ, ಅಂಗಗಳನ್ನು ಎಣಿಸಿ, ಗಂಡನಿಗೂ ಒಂದು ಆಧ್ಯಾತ್ಮಿಕ ಅರ್ಥವನ್ನು ಕೊಟ್ಟು ಮುಗಿಸುವುದು ಸುಲಭ. ಹಾಗೆ ಮಾಡಿದರೆ ರಾಟೆಯು ಬರಿಯ ಅಲಂಕಾರವಾಗಿ ಉಳಿಯುತ್ತದೆ.

ಸುಶೀಲೆಯ ಪಕ್ಕದಲ್ಲಿ ರೆಮ್ಮವ್ವೆಯನ್ನು ಕೂರಿಸಿ ನೋಡಿದರೆ ಬೇರೆ ಅರ್ಥ ಹೊರಡುತ್ತದೆ. ಇಬ್ಬರ ಕೈಯಲ್ಲಿಯೂ ಎಳೆಯಿದೆ; ಇಬ್ಬರಿಗೂ ಆ ಎಳೆ ದೇವರ ಕಡೆಗೆ ಹೋಗುವ ದಾರಿ; ಇಬ್ಬರ ಮುಂದೆಯೂ ಸಿಟ್ಟಿಗೆದ್ದ, ಇಲ್ಲವೆ ಸಿಟ್ಟಿಗೇಳಬಹುದಾದ ಗಂಡನಿದ್ದಾನೆ. ಸುಶೀಲೆಯ ಕಥೆಯಲ್ಲಿ ಅವನ ಕೋಪಕ್ಕೆ ದೈವವೇ ಶಿಕ್ಷೆ ವಿಧಿಸುತ್ತದೆ. ರೆಮ್ಮವ್ವೆಯಲ್ಲಿ ಅಂತಹ ಸಮಾಧಾನವಿಲ್ಲ; ‘ಏನು ಮಾಡಲಿ’ ಎಂಬ ಪ್ರಶ್ನೆಯನ್ನೇ ಅವಳು ತನ್ನ ಗುಮ್ಮೇಶ್ವರನ ಮುಂದಿಟ್ಟು ನಿಲ್ಲಿಸುತ್ತಾಳೆ. ತ್ರಿಮೂರ್ತಿಗಳನ್ನೇ ಹಲಗೆ ಕಂಬಗಳನ್ನಾಗಿ ಮಾಡಿಕೊಂಡು ತಿರುಗಿಸಬಲ್ಲವಳು ಗಂಡನ ಏಟಿಗೆ ಅಂಜುತ್ತಾಳೆ ಎಂಬಲ್ಲಿಯೇ ವಚನದ ನಿಜವಾದ ತೂಕ. ರೂಪಕವು ಅಲ್ಲಿ ಮುರಿಯುವುದು ದೋಷವಲ್ಲ. ಮುರಿದಲ್ಲಿಯೇ ಅದು ಮನೆಯೊಳಗಿನ ಸತ್ಯವನ್ನು ಮುಟ್ಟುತ್ತದೆ.

ಈ ವಚನವು ಇತಿಹಾಸಕಾರರ ನಡುವೆಯೂ ವಾದಕ್ಕೆ ವಸ್ತುವಾಗಿದೆ. ನೂಲುವ ರಾಟೆಯು ಭಾರತಕ್ಕೆ ತುರ್ಕರ ಕಾಲದಲ್ಲಿ ಹೊರಗಿನಿಂದ ಬಂದಿತೆಂದು ಇರ್ಫಾನ್ ಹಬೀಬರು ವಾದಿಸಿದರು. ಅವರ ಮುಖ್ಯ ಆಧಾರಗಳಲ್ಲಿ ಒಂದು ೧೩೫೦ರ ಸುಮಾರಿನಲ್ಲಿ ಇಸಾಮಿ ಬರೆದ ಪಾರಸೀಕ ಕಾವ್ಯ. ರಾಣಿ ರಜಿಯಾಳನ್ನು ನಿಂದಿಸುತ್ತ, ಹೆಂಗಸಿಗೆ ತಕ್ಕುದು ಸಿಂಹಾಸನವಲ್ಲ, ಚರಖಾ ಎಂದು ಆ ಕವಿ ಹೇಳುತ್ತಾನೆ. ವಿಜಯಾ ರಾಮಸ್ವಾಮಿಯವರು ರೆಮ್ಮವ್ವೆಯ ವಚನವನ್ನು ಮುಂದಿಟ್ಟು ದಕ್ಷಿಣದಲ್ಲಿ ರಾಟೆ ಅದಕ್ಕೂ ಮೊದಲೇ ಇದ್ದಿತೆಂದರು. ವಚನಗಳ ಸಂಕಲನಗಳು ಶತಮಾನಗಳ ತರುವಾಯದವಾಗಿರುವುದರಿಂದ ಆ ಸಾಕ್ಷ್ಯವನ್ನು ಎಚ್ಚರಿಕೆಯಿಂದ ತೂಗಬೇಕೆಂಬುದು ನಿಜ. ಕಾಲನಿರ್ಣಯವು ಹೇಗಾದರೂ ಆಗಲಿ, ಎರಡು ಸಾಕ್ಷ್ಯಗಳ ಧ್ವನಿಭೇದವು ಲಕ್ಷ್ಯಾರ್ಹವಾಗಿದೆ. ಇಸಾಮಿಗೆ ರಾಟೆಯು ಹೆಂಗಸನ್ನು ಕೂರಿಸಬೇಕಾದ ಸ್ಥಳ. ರೆಮ್ಮವ್ವೆಗೆ ಅದೇ ರಾಟೆ ಮೂರು ದೇವತೆಗಳನ್ನು ತಿರುಗಿಸುವ ಸ್ಥಳ. ಇಲ್ಲಿಯೂ ಹಳೆಯ ಪ್ರಶ್ನೆಯೇ: ಕಟ್ಟಿದವರು ಯಾರು, ಯಾರನ್ನು?

ಇಪ್ಪತ್ತನೆಯ ಶತಮಾನವು ಇದೇ ಪ್ರಶ್ನೆಯನ್ನು ರಾಷ್ಟ್ರದ ಮಟ್ಟದಲ್ಲಿ ಎತ್ತಿತು. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ೧೯೨೪ರಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ಸು, ಸದಸ್ಯತ್ವಕ್ಕೆ ತಿಂಗಳಿಗೆ ೨೦೦೦ ಗಜ ಕೈನೂಲನ್ನು ಕೊಡಬೇಕೆಂಬ ನಿಬಂಧನೆಯನ್ನು ಅಂಗೀಕರಿಸಿತು; ಮರುವರ್ಷವೇ ಅದನ್ನು ಸಡಿಲಿಸಬೇಕಾಯಿತು. ತಾನಾಗಿ ಹಿಡಿದ ವ್ರತವು ಪರರು ವಿಧಿಸಿದ ನಿಬಂಧನೆಯಾದೊಡನೆ ಎಳೆ ಹರಿಯುತ್ತದೆ ಎಂಬುದನ್ನು ಆ ಒಂದು ವರ್ಷದ ಅನುಭವವೂ ತೋರಿಸಿಕೊಟ್ಟಿತು.

ಈ ವಿಚಾರದಿಂದ ಫಲಿಸುವುದಿಷ್ಟು. ದಾರ, ಗಂಟು, ಕದಿರುಗಳಿಗೆ ಸ್ಥಿರವಾದ ಒಂದೊಂದು ಅರ್ಥವನ್ನು ಕೋಶದಲ್ಲಿ ಬರೆದಿಡುವುದು ಜಾನಪದಕ್ಕೆ ನ್ಯಾಯವಲ್ಲ. ಅರ್ಥವು ಗಂಟಿನಲ್ಲಿಲ್ಲ, ಕಟ್ಟುವ ಕೈ, ಧರಿಸುವ ಮೈ, ಬಿಚ್ಚುವ ಅಧಿಕಾರ ಎಂಬ ಮೂರರ ಸಂಬಂಧದಲ್ಲಿದೆ. ಹಾಡನ್ನೂ ಕಥೆಯನ್ನೂ ಸಂಗ್ರಹಿಸುವವರು ಪಾಠದೊಡನೆ ಈ ಮೂರನ್ನೂ ಬರೆದುಕೊಂಡರೆ, ವಚನವನ್ನು ಪಾಠ ಹೇಳುವವರು ರೂಪಕವನ್ನು ಬಿಡಿಸುವ ಮೊದಲು ಅದನ್ನು ನೂತ ಕೈಯನ್ನು ನೋಡಿದರೆ, ವಿದ್ವತ್ತಿನ ವಾಲು ಸ್ವಲ್ಪವಾದರೂ ಸರಿಹೋದೀತು. ಅನಂತನ ದಾರ ಈಗ ಅಂಗಡಿಯಲ್ಲಿ ಗಂಟು ಹಾಕಿದ ಸ್ಥಿತಿಯಲ್ಲಿಯೇ ದೊರೆಯುತ್ತದೆ. ಆದರೆ ಬಾಳೆಯ ನಾರನ್ನು ನೆನೆಸಿ ಗರಿಕೆಯನ್ನು ಜೋಡಿಸಿ ಚೂಡಿಯನ್ನು ಬಿಗಿಯುವ ಬೆರಳುಗಳ ವಿದ್ಯೆಗೆ ಶಾಸ್ತ್ರಗ್ರಂಥದ ಆಸರೆಯಿಲ್ಲ. ಅದನ್ನು ನೋಡಿ ಕಲಿಯುವವರು ಇಲ್ಲವಾದ ದಿನ, ಹಕ್ಕಿ ಸುಳಿಯದ ಆ ಮಾವಿನ ಮರದ ಗುಟ್ಟು ವಿದ್ವಾಂಸರಿಗೂ ಅನ್ವಯಿಸೀತು.